ಸಹಿ ಆದ ಮೇಲಿನ ಅಹವಾಲು

ರಾಮದುರ್ಗದ ಒಂದು ನೇಕಾರರ ಸಂಘದಲ್ಲಿ ನರ್ಮದಾಬಾಯಿ ಹದಿನೇಳು ವರ್ಷದಿಂದ ಕಾರಕೂನಳು. ಇಂಗ್ಲಿಷ್ ಪತ್ರ ಬಂದರೆ ಓದಿ ಹೇಳುವುದು, ಟೈಪು ಮಾಡಿ ಉತ್ತರ ಕಳಿಸುವುದು ಅವಳ ಕೆಲಸ. ೧೯೭೮ರ ಜನವರಿಯಲ್ಲಿ ದಿಲ್ಲಿಯಿಂದ ಒಂದು ನೋಟೀಸು ಬಂತು. ಪರದೇಶಗಳ ಜೊತೆ ಬಟ್ಟೆ ವ್ಯಾಪಾರದ ಒಪ್ಪಂದ ಆಗಲಿದೆ, ಕೈಮಗ್ಗದ ಬಟ್ಟೆಗೆ ಅಲ್ಲಿ ರಿಯಾಯಿತಿ ಕೇಳಲಾಗುತ್ತಿದೆ, ನೇಕಾರರು ತಮ್ಮ ಅಭಿಪ್ರಾಯ ತಿಳಿಸಬೇಕು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದವರ ಅಹವಾಲನ್ನು ಬೈಲಹೊಂಗಲದ ಪ್ರವಾಸಿ ಮಂದಿರದಲ್ಲಿ ಕೇಳುತ್ತಾರೆ. ನೋಟೀಸು ದಿಲ್ಲಿ ಬಿಟ್ಟು ಇಪ್ಪತ್ತಾರು ದಿನ ಆಗಿತ್ತು. ಸಭೆಗೆ ನಾಲ್ಕೇ ದಿನ ಉಳಿದಿತ್ತು.

"ನಮ್ಮ ಒಪ್ಪಿಗಿ ಅದ ಅಂತ ಎರಡು ಸಾಲು ಬರದು ಕಳಸ್ರಿ. ಇಂಥಾವು ಎಷ್ಟು ಬಂದು ಹೋಗ್ಯಾವ," ಅಂದರು ಸೆಕ್ರೆಟರಿ ರಘೋತ್ತಮರಾಯರು.

ಅವಳಿಗೂ ಹಾಗೆ ಮಾಡಿ ಮುಗಿಸುವ ಮನಸ್ಸಿತ್ತು. ಆ ವಾರ ತಾಯಿಗೆ ಜ್ವರ, ನಿದ್ದೆಗೆಟ್ಟು ಕಣ್ಣು ಉರಿಯುತ್ತಿದ್ದವು. ಆದರೆ ನಾಲ್ಕು ವರ್ಷದಿಂದ ಸಂಘದ ಚಾದರಗಳು ಮುಂಬಯಿ ವ್ಯಾಪಾರಿಯೊಬ್ಬನ ಮೂಲಕ ಹಡಗು ಏರುತ್ತಿದ್ದವು. ಅದು ನಿಂತರೆ ಯಾರ ಯಾರ ಮಗ್ಗ ನಿಲ್ಲುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಆಫೀಸು ಮುಗಿಸಿ ಕಾಗದ ಹಿಡಿದು ನೇಕಾರ ಓಣಿಗೆ ಹೋದಳು.

ಓಣಿಯ ಕಟ್ಟೆಯ ಮೇಲೆ ಹದಿನೈದು ಜನ ಕೂಡಿದರು. ಅವಳು ನೋಟೀಸಿನ ಒಂದೊಂದೇ ಪ್ರಶ್ನೆ ಕನ್ನಡದಲ್ಲಿ ಹೇಳಿದಳು. ನಾಲ್ಕನೆಯದು ಹೀಗಿತ್ತು: ಬಟ್ಟೆ ಕೈಮಗ್ಗದ್ದೋ ಯಂತ್ರದ್ದೋ ಎಂದು ಗುರುತಿಸುವುದು ಹೇಗೆ?

ಅರವತ್ತು ದಾಟಿದ ಮುದಕವ್ವ ನಕ್ಕಳು. "ಇದನ್ನ ಕೇಳಾಕ ದಿಲ್ಲಿಯಿಂದ ಬರಬೇಕೇನ್ರಿ ಬಾಯಾರ? ಯಂತ್ರ ಊಟಕ್ಕ ಏಳೂದಿಲ್ಲ, ನಾ ಏಳತೇನಿ. ಎದ್ದು ಹೋಗಿ ಬಂದು ಮತ್ತ ನೇಯಾಕ ಹತ್ತಿದ ಜಾಗದಾಗ ಒಂದು ಸಣ್ಣ ಗೆರಿ ಬೀಳತೈತಿ. ಕಣ್ಣಿಗೆ ಕಾಣದಿದ್ರೂ ಬೆರಳಿಗೆ ತಿಳೀತೈತಿ."

"ಕೈಮಗ್ಗದ್ದು ಅಂತ ಶಿಕ್ಕಾ ಹಾಕೂದಾದ್ರ ಇಲ್ಲೇ ಬಂದು ಮಗ್ಗ ನೋಡಿ ಹಾಕಲಿ," ಅಂದ ಲಗಮಪ್ಪ. ಅವನು ಓಣಿಯಲ್ಲಿ ಎಲ್ಲರಿಗಿಂತ ಚುರುಕಾದ ನೇಕಾರ. "ದೂರ ಒಯ್ದ್ರ ಮಾಲು ಅಲ್ಲೇ ಕೊಳೀತೈತಿ."

ಅವಳು ಎಲ್ಲವನ್ನೂ ಬರೆದುಕೊಂಡು ಇಂಗ್ಲಿಷಿಗೆ ತಿರುಗಿಸಿ ಮೂರು ಪುಟ ಟೈಪು ಮಾಡಿದಳು. ಶುಕ್ರವಾರ ಮುದಕವ್ವನನ್ನೂ ಕರೆದುಕೊಂಡು ಬೈಲಹೊಂಗಲದ ಬಸ್ಸು ಹತ್ತಿದಳು. ಸವದತ್ತಿಯ ತನಕ ನಿಂತೇ ಹೋದರು.

ಅಹವಾಲು ಕೇಳಲು ಹನ್ನೊಂದಕ್ಕೆ ಬರಬೇಕಾದ ಸಾಹೇಬರು ಎರಡೂವರೆಗೆ ಬಂದರು. ಮೈಸೂರು ಕಡೆಯ ಮಾತು, ಧೂಳು ಹಿಡಿದ ಬೂಟು. ಎಂಟು ದಿನದಲ್ಲಿ ಹನ್ನೊಂದು ಊರು ತಿರುಗಿದ್ದರಂತೆ. "ದಯವಿಟ್ಟು ಬೇಗ ಮುಗಿಸಿ," ಎಂದು ಮೊದಲೇ ಹೇಳಿದರು.

ನರ್ಮದಾಬಾಯಿ ಓದಿದಳು. ಮೊದಲ ಮೂರು ಉತ್ತರಕ್ಕೆ ಅವರು ತಲೆ ಎತ್ತಲಿಲ್ಲ. ನಾಲ್ಕನೆಯದಕ್ಕೆ ಎತ್ತಿದರು. "ಬೆರಳಿಗೆ ತಿಳಿಯುತ್ತದೆಯೇ?" ಎಂದು ತಮ್ಮ ಕರವಸ್ತ್ರವನ್ನೂ ಹೆಗಲ ಮೇಲಿದ್ದ ಶಾಲನ್ನೂ ಮುಂದೆ ಇಟ್ಟರು. ಮುದಕವ್ವ ಕಣ್ಣು ಮುಚ್ಚಿ ಎರಡನ್ನೂ ಸವರಿದಳು. ಕರವಸ್ತ್ರ ಯಂತ್ರದ್ದು ಅಂದಳು. ಶಾಲಿನ ಒಂದು ಕಡೆ ಬೆರಳು ನಿಲ್ಲಿಸಿ, "ಇಲ್ಲೆ ಎದ್ದು ಹೋಗ್ಯಾನ ನೋಡ್ರಿ, ನೇದಾವ," ಅಂದಳು.

ಸಾಹೇಬರು ತಾವೂ ಆ ಜಾಗ ಮುಟ್ಟಿ ನೋಡಿದರು. ಆಮೇಲೆ ಪೆನ್ನು ಕೆಳಗಿಟ್ಟರು.

"ಸುಳ್ಳು ಹೇಳಲಾರೆ ತಾಯಿ. ಒಪ್ಪಂದಕ್ಕೆ ಹೋದ ತಿಂಗಳೇ ಸಹಿ ಬಿದ್ದಿದೆ. ಶಿಕ್ಕಾ ಮುಂಬಯಿಯಲ್ಲೇ ಹಾಕುವುದು ಅಂತ ತೀರ್ಮಾನ ಆಗಿದೆ."

"ಮತ್ತ ಈ ನೋಟೀಸು ಯಾಕ್ರಿ?" ನರ್ಮದಾಬಾಯಿಯ ದನಿ ಅವಳಿಗೇ ಗೊತ್ತಾಗದಂತೆ ಏರಿತ್ತು.

"ಕೇಳಿದ್ದೇವೆ ಅಂತ ಬರೆಯಬೇಕಲ್ಲ."

ಅವಳಿಗೆ ಕುಳಿತಲ್ಲಿಂದ ಏಳುವುದೂ ಬೇಡವಾಯಿತು. ಆದರೂ ಅಂದಳು, "ಹಂಗಾದ್ರ ಪೂರಾ ಬರೀರಿ. ಸಹಿ ಆದ ಮ್ಯಾಲೆ ಕೇಳಿದ್ವಿ ಅಂತ ಬರೀರಿ. ಈಕಿ ಹೆಸರು ಮುದಕವ್ವ, ಅದನ್ನೂ ಬರೀರಿ."

ಸಾಹೇಬರು ಪೆನ್ನು ಎತ್ತಿಕೊಂಡು ನಿಧಾನವಾಗಿ ಬರೆದರು.

ಮರಳುವ ಬಸ್ಸಿನಲ್ಲಿ ಮುದಕವ್ವ, "ಸಾಹೇಬ್ರು ಏನಂದ್ರು ಬಾಯಾರ?" ಎಂದು ಕೇಳಿದಳು. ಅವಳಿಗೆ ಆ ಮೈಸೂರು ಮಾತು ಅರ್ಧ ಅರ್ಧ ತಿಳಿದಿತ್ತು. ನರ್ಮದಾಬಾಯಿ ಇದ್ದದ್ದನ್ನು ಇದ್ದಂತೆ ಹೇಳಿದಳು.

"ಎಲ್ಲಾ ಮುಗದಿತ್ತಂದ್ರ ಅವರರ ಅಷ್ಟು ದೂರ ಯಾಕ ಬಂದಾರಪಾ," ಅಂದಳು ಮುದಕವ್ವ. ಮನೋಳಿ ದಾಟುವಾಗ ಸೀಟಿಗೆ ಒರಗಿ ನಿದ್ದೆ ಹೋದಳು.

ಆ ಬೇಸಿಗೆಯಿಂದ ಚಾದರದ ಗಂಟುಗಳು ಶಿಕ್ಕೆಗಾಗಿ ಮುಂಬಯಿಯಲ್ಲಿ ಎರಡೆರಡು ತಿಂಗಳು ಬಿದ್ದಿರತೊಡಗಿದವು. ವ್ಯಾಪಾರಿ ಬೇಸತ್ತು ಬೇರೆ ಮಾಲು ಹಿಡಿದ. ಹನ್ನೊಂದು ಮಗ್ಗ ನಿಂತವು. ಮಳೆಗಾಲಕ್ಕೆ ದಿಲ್ಲಿಯಿಂದ ಒಂದು ಅಚ್ಚಾದ ವರದಿ ಬಂತು. ಅದರಲ್ಲಿ ರಾಮದುರ್ಗದ ಬಗ್ಗೆ ಒಂದೇ ಸಾಲು: ಪ್ರತಿನಿಧಿಗಳನ್ನು ವಿಚಾರಿಸಲಾಯಿತು, ಆಕ್ಷೇಪಣೆ ಇಲ್ಲ. ಸಾಹೇಬರು ಬರೆದುಕೊಂಡದ್ದು ಎಲ್ಲಿ ಅಳಿಸಿಹೋಯಿತೋ ಅವಳಿಗೆ ತಿಳಿಯಲಿಲ್ಲ.

ಮುಚ್ಚಿಡಬಹುದಿತ್ತು. ಅವಳು ಅದನ್ನು ಓಣಿಗೆ ಒಯ್ದು ಓದಿ ಹೇಳಿದಳು.

ಲಗಮಪ್ಪ ಆಗಲೇ ಮಗ್ಗ ಬಿಚ್ಚಿಟ್ಟು ಬೈಲಹೊಂಗಲದ ಅರಳೆ ಜಿನ್ನಿಗೆ ಕೂಲಿ ಹೋಗುತ್ತಿದ್ದ. ಅವತ್ತು ಊರಿಗೆ ಬಂದಿದ್ದ. "ಮತ್ತ ಯಾಕ ಕೇಳಾಕ ಬಂದಿದ್ರಿ ನೀವು? ಕೇಳದಿದ್ರ ಇಷ್ಟು ಸಿಟ್ಟರ ಬರ್ತಿರಲಿಲ್ಲ," ಅಂದ.

"ನನಗೂ ಗೊತ್ತಿರಲಿಲ್ಲಪ್ಪಾ," ಅಂದಳು ಅವಳು. ಮುದಕವ್ವ ಒಳಗಿನಿಂದ ಒಂದು ತಂಬಿಗೆ ನೀರು ತಂದು ಅವಳ ಮುಂದೆ ಇಟ್ಟಳು.

ಮರುದಿನ ಅವಳು ದಿಲ್ಲಿಗೆ ಪತ್ರ ಬರೆದಳು: ನಮ್ಮ ಆಕ್ಷೇಪಣೆ ಇತ್ತು, ಇದೆ. ಇನ್ನು ಮುಂದೆ ನೋಟೀಸು ಸಹಿಗಿಂತ ಮೊದಲು ಬರಲಿ, ಕನ್ನಡದಲ್ಲಿ ಬರಲಿ. ಮೂವತ್ತೊಂದು ಜನ ಹೆಬ್ಬೆಟ್ಟು, ಸಹಿ ಹಾಕಿದರು. ಲಗಮಪ್ಪ ಕೊನೆಗೆ ಬಂದು ಹಾಕಿ ಹೋದ. ರಘೋತ್ತಮರಾಯರು ಬೇಡ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ. ಅವಳೇ ಪೋಸ್ಟಿಗೆ ಹೋಗಿ ರಜಿಸ್ಟರ್ ಮಾಡಿ ಬಂದಳು.

ಮೂರು ತಿಂಗಳು ಉತ್ತರ ಬರಲಿಲ್ಲ. ನಾಲ್ಕನೆಯ ತಿಂಗಳು ಅವಳು ಇನ್ನೊಂದು ಬರೆದಳು.