ಹೂವಿನ ಪಾತಿಯಲ್ಲಿ ಮೆಂತ್ಯ

ದಸರೆ ಮುಗಿದು ಬಿಸಿಲು ಮೆತ್ತಗಾಗಿತ್ತು. ದೆಹಲಿಯ ಮಯೂರ್ ವಿಹಾರದ ಸೊಸೈಟಿಯೊಂದರ ಮಾಲಿ ರಾಮ್‌ಧನಿ ಗೇಟಿನ ಪಕ್ಕದ ಪಾತಿಯನ್ನು ಮೂರು ದಿನ ಅಗೆದು, ಹೆಂಟೆ ಒಡೆದು, ಗೊಬ್ಬರ ಬೆರೆಸಿ ನೀರುಣಿಸಿ, ಚಳಿಗಾಲದ ಹೂಸಸಿ ತರಲು ನರ್ಸರಿಗೆ ಹೋಗಿದ್ದ. ಭಾನುವಾರ ಬೆಳಿಗ್ಗೆ ಆ ದಾರಿಯಲ್ಲಿ ಬಂದ ಸರಸು ಪಾತಿಯ ಮುಂದೆ ನಿಂತುಬಿಟ್ಟರು. ರೋಣದ ಕಡೆಯ ಒಕ್ಕಲಗಿತ್ತಿ. ಹದ ಬಂದ ನೆಲ ಬರಿದೇ ಬಿದ್ದಿರುವುದನ್ನು ನೋಡಿಕೊಂಡು ಸುಮ್ಮನೆ ಮುಂದೆ ಹೋಗುವುದು ಅವರಿಗೆ ಗೊತ್ತಿರಲಿಲ್ಲ.

ಮಗಳ ಬಾಣಂತನಕ್ಕೆಂದು ಬಂದು ಇಲ್ಲೇ ಉಳಿದವರು. ಭಾನುವಾರಗಳಲ್ಲಿ ಸೊಸೈಟಿಯ ಹಾಲ್‌ನಲ್ಲಿ ಕನ್ನಡದ ಏಳು ಮಕ್ಕಳನ್ನು ಕೂರಿಸಿಕೊಂಡು ಪದ್ಯ ಹೇಳಿಕೊಡುತ್ತಿದ್ದರು. ಆ ಒಂದು ಗಂಟೆ ಬಿಟ್ಟರೆ ದೆಹಲಿಯಲ್ಲಿ ಅವರನ್ನು ಯಾರೂ ಏನನ್ನೂ ಕೇಳುತ್ತಿರಲಿಲ್ಲ. ಈಗ ಅದಕ್ಕೂ ಕುತ್ತು ಬಂದಿತ್ತು. ಸೊಸೈಟಿಯ ಕಾರ್ಯದರ್ಶಿ ಚರಣ್ ಹಿಂದಿನ ವಾರವಷ್ಟೇ ಹೇಳಿಹೋಗಿದ್ದ:

"ಅಮ್ಮಾ, ಬೇಜಾರು ಮಾಡ್ಕೋಬೇಡಿ. ನಾಲ್ಕು ತಿಂಗಳಾಯ್ತು, ನಮ್ಮ ಹರ್ಷಿಣಿಗೆ ತನ್ನ ಹೆಸರು ಬರೆಯೋಕೆ ಬರಲ್ಲ, ಎತ್ತಿನ ಪದ್ಯ ಬರುತ್ತೆ. ಕಲಿತಿದ್ದಾಳೋ ಇಲ್ವೋ ಅಂತ ನಾನು ಹೇಗೆ ನೋಡಲಿ? ಟೆಸ್ಟ್ ಇಲ್ಲ, ಏನಿಲ್ಲ."

ತಿಂಗಳ ಕೊನೆಗೆ ಹಾಲ್ ಅಬ್ಯಾಕಸ್ ಕ್ಲಾಸಿಗೆ ಹೋಗುವುದೆಂದು ತೀರ್ಮಾನವಾಗಿತ್ತು.

ಸರಸು ಮನೆಗೆ ವಾಪಸ್ ಹೋಗಿ ಮೆಂತ್ಯದ ಡಬ್ಬಿ ತಂದರು. ಮಕ್ಕಳನ್ನು ಪಾತಿಯ ಬಳಿಗೇ ಕರೆದರು. ಊರಲ್ಲಿ ಕೂರಿಗೆಯ ಹಿಂದೆ ನಡೆಯುತ್ತಾ ಬೀಜ ಬಿಡುವುದು ಹೆಂಗಸರ ಕೆಲಸ. ಕೈ ತಪ್ಪದಿರಲೆಂದು ಬಾಯಲ್ಲಿ ಪದ. ಸರಸು ಆರು ವರ್ಷದವಳಿದ್ದಾಗ ಅವ್ವನ ಸೆರಗು ಹಿಡಿದು ಕಲಿತದ್ದು ಅದೇ. ಬೆರಳಲ್ಲಿ ಗೆರೆ ಎಳೆದು ಏಳು ಮಕ್ಕಳಿಗೂ ಒಂದೊಂದು ಕೊಟ್ಟರು. ಮಕ್ಕಳು ಬಗ್ಗಿ ಹೆಜ್ಜೆ ಸರಿಸುತ್ತಾ, ಸಾಲಿಗೊಂದು ಕಾಳು ಬಿಡುತ್ತಾ ಮತ್ತೆ ಮತ್ತೆ ಹೇಳಿದರು:

ಎತ್ತಿನ ಹೆಜ್ಜೆಗೆ ಒಂದು ಕಾಳು,
ಗೆಜ್ಜೆಯ ಸದ್ದಿಗೆ ಒಂದು ಕಾಳು,
ಮೋಡದ ನೆರಳಿಗೆ ಒಂದು ಕಾಳು,
ಮಲಗಿದ ಮಣ್ಣಿಗೆ ಒಂದು ಕಾಳು.

ಮಧ್ಯಾಹ್ನ ರಾಮ್‌ಧನಿ ಸಸಿಯ ಟ್ರೇ ಹೊತ್ತು ಬಂದಾಗ ಪಾತಿಯಲ್ಲಿ ಮೆಂತ್ಯ ಬಿತ್ತಿ ಮಣ್ಣು ಮುಚ್ಚಿಯಾಗಿತ್ತು. ಅಮ್ಮಾಜಿ ತನ್ನ ಮೂರು ದಿನದ ದುಡಿಮೆ ತಿಂದುಹಾಕಿದರು ಎಂದು ನೇರ ಚರಣ್‌ನ ಮನೆಗೆ ಹೋಗಿ ದೂರಿದ. ಚರಣ್ ಇಂಟರ್‌ಕಾಮ್‌ನಲ್ಲೇ ಸರಸು ಅವರಿಗೆ ಫೋನ್ ಮಾಡಿ, ಇನ್ನು ತಿಂಗಳ ಕೊನೆಯವರೆಗೂ ಕಾಯುವುದು ಬೇಡ, ಕ್ಲಾಸ್ ಇಲ್ಲಿಗೇ ನಿಲ್ಲಲಿ ಎಂದ. ಸರಸು ವಾದಿಸಲಿಲ್ಲ. ಕೇಳದೆ ಬಿತ್ತಿದ್ದು ತಪ್ಪೇ ಎಂದು ಒಪ್ಪಿಕೊಂಡರು. ಮಾಲಿಯ ಮೂರು ದಿನದ ದುಡಿಮೆ ನನ್ನ ಮೇಲಿನ ಬಾಕಿ, ಹೇಗಾದರೂ ತೀರಿಸುತ್ತೇನೆ ಎಂದಷ್ಟೇ ಹೇಳಿದರು.

ಆದರೆ ರಾಮ್‌ಧನಿ ಪಾತಿಯನ್ನು ಅಗೆಯಲಿಲ್ಲ. ಇವತ್ತು ನಾಳೆ ಎನ್ನುತ್ತಾ ಸಸಿಗಳನ್ನು ನೆರಳಲ್ಲಿಟ್ಟುಕೊಂಡೇ ಇದ್ದ. ಆರನೆಯ ದಿನ ಚರಣ್ ಇಳಿದುಬಂದು, ಯಾಕೆ ಭಯ್ಯಾ ಎಂದ. ಮೊಳೆತದ್ದನ್ನು ಕಿತ್ತರೆ ಊರಲ್ಲಿ ಅಪ್ಪ ಉಗಿಯುತ್ತಾನೆ ಎಂದ ಮಾಲಿ.

ಪಾತಿಯಲ್ಲಿ ಏಳು ಹಸಿರು ಗೆರೆ ಎದ್ದಿದ್ದವು. ಗೇಣು ಹಾಕಿದಂತೆ ಸಮ. ಒಂದರಲ್ಲಿ ಮಾತ್ರ ನಡುವೆ ಎರಡು ಕೈಯಗಲ ಬರೀ ಮಣ್ಣು. ಬೆಂಚಿನ ಮೇಲೆ ಮೊಮ್ಮಗುವನ್ನು ಮಲಗಿಸಿಕೊಂಡಿದ್ದ ಸರಸು ಅವರನ್ನು ಚರಣ್ ಅದೇಕೆಂದು ಕೇಳಿದ.

"ಅದು ನಿಮ್ಮ ಹರ್ಷಿಣೀದು," ಎಂದರು ಸರಸು. "ಮೋಡದ ಹತ್ರ ಮರೆತಳು. ಬಾಯಿ ನಿಂತ್ರೆ ಕೈನೂ ನಿಲ್ಲುತ್ತೆ, ಕಾಲು ಮಾತ್ರ ನಡೀತಾ ಇರುತ್ತೆ. ಟೆಸ್ಟ್ ಕೇಳಿದ್ರಲ್ಲಪ್ಪಾ, ನಮ್ಮಲ್ಲಿ ಇದೇ. ಆರು ದಿನಕ್ಕೆ ರಿಸಲ್ಟ್."

ಚರಣ್ ಮಗಳನ್ನು ಕರೆದು ಪದ್ಯ ಹೇಳಿಸಿದ. ಅವಳು ಎರಡು ಸಾಲು ಸರಾಗ ಹೇಳಿ ಮೂರನೆಯದಕ್ಕೆ ತಡೆದಳು. ಖಾಲಿ ಜಾಗವನ್ನು ನೋಡುತ್ತಾ ನಿಂತಳು. ಆಮೇಲೆ, "ಪಪ್ಪಾ, ರುಕೋ. ಮೋಡದ ನೆರಳಿಗೆ," ಎಂದು ಮುಗಿಸಿದಳು.

ಚರಣ್ ಆ ಗೆರೆಗಳನ್ನು ಎಣಿಸಿದ. "ಚಲೋ," ಎಂದ. "ಅಬ್ಯಾಕಸ್‌ನವರಿಗೆ ಶನಿವಾರ ಕೊಡ್ತೀನಿ. ಆದ್ರೆ ಅಕ್ಷರಾನೂ ಕಲಿಸಬೇಕು."

ಕಲಿಸುತ್ತೇನೆ ಎಂದರು ಸರಸು.

ತಿಂಗಳಾದ ಮೇಲೆ ಸರಸು ಕುಡುಗೋಲು ಹಿಡಿದು ಕೂತು ಮೆಂತ್ಯ ಕೊಯ್ದರು. ಮೊದಲ ಮೂರು ದೊಡ್ಡ ಕಟ್ಟು, ಅಗೆದ ದಿನಕ್ಕೊಂದರಂತೆ, ರಾಮ್‌ಧನಿಯ ಸೈಕಲ್ಲಿನ ಹಿಂದೆ ಕಟ್ಟಿದರು. ಅವನು ಹಗ್ಗ ಎಳೆದು ನೋಡಿ, ಲೆಕ್ಕ ಮುಗಿಯಿತು ಅಮ್ಮಾಜಿ ಎಂದು ಪೆಡಲ್ ತುಳಿದ. ಉಳಿದ ಸೊಪ್ಪನ್ನು ಮಕ್ಕಳು ಮನೆಮನೆಗೆ ಒಯ್ದರು. ಮರುದಿನ ಪಾತಿಗೆ ಹೂಸಸಿ ಬಂತು.