ಆರೆಸಳಿನ ಗುರುತು

ಹೂವಿನ ಗುರುತು ಇದ್ದದ್ದನ್ನೇ ತೆಗೆದುಕೋ ಎಂದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಈವರೆಗೆ ಯಾರೂ ಅದನ್ನು ಎತ್ತಿ ಆಡಿಲ್ಲ.

2014ರ ಫೆಬ್ರವರಿ. ಮಗ ಶ್ರವಣ್ ತನ್ನ ಹೆಂಡತಿ ಅಶ್ಮಿತಾಳ ಕಾರಿಗೆ ಅಲಾಯ್ ಚಕ್ರ ಹುಡುಕುತ್ತಿದ್ದ. ಅವಳು ದುಬೈಯ ಊದ್ ಮೇಥಾದಲ್ಲಿ ಗಣಿತದ ಟೀಚರ್. ನಮ್ಮ ಮನೆ ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ. ದಿನಾ ಅಷ್ಟು ದೂರ ಓಡುವ ಗಾಡಿ ನೋಡಲಾದರೂ ಚೆನ್ನಾಗಿರಲಿ ಎಂದು ಅವನ ಆಸೆ. ಕೆಲಸ ಮುಗಿಸಿ ಯುರೋಪಿಗೆ ಮರಳಿದ ಇಂಜಿನಿಯರೊಬ್ಬರ ವಿಲ್ಲಾದಲ್ಲಿ ಸಾಮಾನು ಮಾರಾಟಕ್ಕಿದೆ ಎಂದು ತಿಳಿದು ನನ್ನನ್ನೂ ಕರೆದುಕೊಂಡು ಹೋದ. ಮನೆಯವರು ಆಗಲೇ ವಿಮಾನ ಹತ್ತಿಯಾಗಿತ್ತು. ಕಾವಲುಗಾರ ಗ್ಯಾರೇಜು ತೆರೆದು, ನನಗೆ ಕೂರಲೆಂದು ಒಂದು ಪೆಟ್ಟಿಗೆಯನ್ನು ಒರೆಸಿ ಕೊಟ್ಟ.

ಒಳಗೆ ಟಯರು ಸಮೇತ ಎರಡು ಸೆಟ್ಟು ಚಕ್ರಗಳಿದ್ದವು. ಒಂದರ ಟಯರು ಅರ್ಧ ಸವೆದಿತ್ತು. ಇನ್ನೊಂದರಲ್ಲಿ ಗೀರುಗಳು ಆಳವಾಗಿ, ರಬ್ಬರು ಹೆಬ್ಬೆರಳಿಗೆ ಮೆತ್ತಗೆ ಸಿಕ್ಕುತ್ತಿತ್ತು. ಬದಿಯಲ್ಲಿ ಬೆಟ್ಟದಂತಹ ಗೆರೆಯೊಳಗೆ ಆರೆಸಳಿನ ಸಣ್ಣ ಹೂವು, ನಾನು ಬಾಗಿಲಲ್ಲಿ ಬರೆಯುವ ರಂಗೋಲಿಯ ಹಾಗೆ. ಯಾವುದಮ್ಮಾ ಎಂದು ಶ್ರವಣ್ ಕೇಳಿದಾಗ ನಾನು ಹೂವನ್ನು ತೋರಿಸಿದೆ. ಒಂದೇ ಕಾರಿಗೆ ಆ ಮನುಷ್ಯ ಎರಡು ಸೆಟ್ಟು ಯಾಕೆ ಇಟ್ಟುಕೊಂಡಿದ್ದ ಎಂದು ನಾವಿಬ್ಬರೂ ಯೋಚಿಸಲಿಲ್ಲ.

ಚಳಿ ಇರುವಷ್ಟು ದಿನ ಕಾರು ಸದ್ದಿಲ್ಲದೆ ಓಡಿತು. ಏಪ್ರಿಲ್ ಕೊನೆಗೆ ಅಶ್ಮಿತಾ, ತಿರುವಿನಲ್ಲಿ ಗಾಡಿ ಎಣ್ಣೆಯ ಮೇಲೆ ಹೋದ ಹಾಗೆ ಆಗುತ್ತದೆ ಎಂದಳು. ಶ್ರವಣ್ ನಕ್ಕುಬಿಟ್ಟ.

"ಟಯರಿಗೆ ಎಂತ ಆಗಿದೆ? ಹೊಸದರ ಹಾಗೆ ಉಂಟು. ನಿನ್ನ ಕೈಯೇ ಸಡಿಲ."

ಅವಳು ಮತ್ತೆ ಆ ಮಾತು ತೆಗೆಯಲಿಲ್ಲ. ನನಗೆ ಮಾತ್ರ ಒಳಗೆ ಹೆದರಿಕೆ ಶುರುವಾಯಿತು. ಆದರೆ ಹೆದರಿದ್ದು ಬೇರೆಯದಕ್ಕೆ. ಒಮ್ಮೆ ಅವಳ ಪಕ್ಕದಲ್ಲಿ ಕೂತಿದ್ದಾಗ ನೂರಿಪ್ಪತ್ತರ ವೇಗದಲ್ಲಿ ಅವಳು ಫೋನು ಎತ್ತಿದ್ದಳು. ಮನೆಗೆ ಬಂದವಳೇ ನನ್ನ ಮೇಲೆ ಆಣೆ ಹಾಕಿಸಿಕೊಂಡೆ. ಅಂದಿನಿಂದ ಅವಳು ಫೋನನ್ನು ಬ್ಯಾಗಿನಲ್ಲಿಟ್ಟು, ಬ್ಯಾಗನ್ನು ಡಿಕ್ಕಿಯಲ್ಲಿಟ್ಟೇ ಹೊರಡುತ್ತಿದ್ದಳು.

ಜೂನ್ ಮೊದಲ ವಾರ ಶ್ರವಣ್ ಅರ್ಧ ದಿನ ರಜೆ ಹಾಕಿ ನನ್ನನ್ನು ಕಣ್ಣಿನ ಡಾಕ್ಟರಲ್ಲಿಗೆ ಕರೆದೊಯ್ದ. ಬರುವಾಗ ಮುಸಫಾದಲ್ಲಿ ಅಬ್ದುಲ್ ರವೂಫರ ಟಯರಂಗಡಿಯಲ್ಲಿ ನಿಲ್ಲಿಸಿದ. ಅವನ ಕಾರಿನ ನೋಂದಣಿ ನವೀಕರಿಸಬೇಕಿತ್ತು, ಹಳೆ ಟಯರಿಗೆ ಪಾಸಿಂಗ್ ಸಿಗುತ್ತಿರಲಿಲ್ಲ. ರವೂಫ್ ಉಳ್ಳಾಲದ ಕಡೆಯ ಬ್ಯಾರಿ. ನನ್ನ ಕಪ್ಪು ಕನ್ನಡಕ ನೋಡಿ ಕೈ ಹಿಡಿದು ಒಳಗೆ ಕೂರಿಸಿದರು. ಟೇಬಲ್ ಫ್ಯಾನನ್ನು ತನ್ನ ಕಡೆಯಿಂದ ನನ್ನ ಕಡೆಗೆ ತಿರುಗಿಸಿದರು. ಹೊರಗೆ ನಲವತ್ತಾರು ಡಿಗ್ರಿ ಬಿಸಿಲು.

ಅವರು ಶ್ರವಣನಿಗೆ ಒಂದೊಂದೇ ಟಯರು ತೋರಿಸುತ್ತಿದ್ದರು. ಕೈಗೆ ಸಿಕ್ಕಿದ ಒಂದೆರಡರ ಬದಿಯನ್ನು ತಡವಿದೆ, ಹೂವಿರಲಿಲ್ಲ. ಕೂತು ಬೇಸರವಾಗಿ, ನಿಮ್ಮಲ್ಲಿ ಹೂವಿನ ಟಯರಿಲ್ಲವೇ ಎಂದು ಕೇಳಿದೆ. ಅವರಿಗೆ ಅರ್ಥವಾಗಲಿಲ್ಲ. ಬಿಲ್ಲಿನ ಹಿಂಬದಿಯಲ್ಲಿ ಬೆಟ್ಟವನ್ನೂ ಆರೆಸಳನ್ನೂ ಬರೆದು ತೋರಿಸಿದೆ.

ರವೂಫ್ ಆ ಚೀಟಿಯನ್ನು ಬೆಳಕಿಗೆ ಹಿಡಿದರು.

"ಅಮ್ಮ, ಇದನ್ನು ಎಲ್ಲಿ ನೋಡಿದ್ದು?"

"ಸೊಸೆಯ ಕಾರಿನಲ್ಲಿ."

"ಈಗಲೂ ಉಂಟಾ ಅದು?"

ಉಂಟೆಂದೆ. ಅವರು ನನ್ನನ್ನು ಬಿಟ್ಟು ಶ್ರವಣನ ಕಡೆ ತಿರುಗಿದರು. "ಶ್ರವಣಣ್ಣ, ಇದು ಹೂವಲ್ಲ, ಹಿಮ. ಹಿಮ ಬೀಳುವ ದೇಶದಲ್ಲಿ ಚಳಿಗಾಲಕ್ಕೆ ಹಾಕುವ ಟಯರು. ನಮ್ಮಲ್ಲಿ ಹಿಮ ಇರುವುದು ಫ್ರಿಜ್ಜಿನೊಳಗೆ ಮಾತ್ರ. ಈ ರೋಡಿನ ಬಿಸಿಗೆ ಆ ರಬ್ಬರು ಸೋಲುತ್ತದೆ. ಫುಲ್ ಸ್ಪೀಡಿನಲ್ಲಿ ಸಿಡಿದರೆ..." ಎಂದವರು ನನ್ನ ಕಡೆ ನೋಡಿದರು.

ಆ ಇಂಜಿನಿಯರನ ಎರಡು ಸೆಟ್ಟಿನ ಅರ್ಥ ಆಗ ತಿಳಿಯಿತು. ಕಾರಿನ ಜೊತೆ ಅವನ ದೇಶದಿಂದ ಬಂದದ್ದು, ಬೇಸಿಗೆಗೊಂದು, ಚಳಿಗೊಂದು. ಬೇಸಿಗೆಯದ್ದು ಸವೆದಿದೆ ಎಂದು ನಾನು ಬೇಡವೆಂದಿದ್ದೆ.

ಗಂಟೆ ಎರಡೂಮುಕ್ಕಾಲು. ಅಶ್ಮಿತಾ ಎರಡೂ ಕಾಲಿಗೆ ಶಾಲೆ ಬಿಡುತ್ತಾಳೆ. ಶ್ರವಣ್ ಫೋನು ಮಾಡಿದ. ಮತ್ತೆ ಮಾಡಿದ. ಡಿಕ್ಕಿಯೊಳಗೆ, ಬ್ಯಾಗಿನೊಳಗೆ ಅದು ರಿಂಗಾಗುತ್ತಿರುವುದು ನನಗೆ ಕಣ್ಣಿಗೆ ಕಟ್ಟಿದಂತಿತ್ತು. ಅವನು ಏಳು ಸಲ ಮಾಡಿದ.

"ಎಲ್ಲಾದರೂ ನಿಲ್ಲಿಸುವ ಅಭ್ಯಾಸ ಉಂಟಾ?" ರವೂಫ್ ಕೇಳಿದರು.

ಇತ್ತು. ದುಬೈಯಿಂದ ಬರುವ ದಾರಿಯಲ್ಲಿ, ಸಮ್ಹಾದ ಪೆಟ್ರೋಲ್ ಪಂಪಿನ ಕೆಫೆಟೇರಿಯಾದಲ್ಲಿ ನಿಲ್ಲಿಸಿ ದಿನವೂ ನನಗೆ ಹಿಟ್ಟಿನಲ್ಲಿ ಅದ್ದಿ ಕರಿದ ಎರಡು ಬಾಳೆಹಣ್ಣಿನ ಪೋಡಿ ಕಟ್ಟಿಸಿಕೊಂಡು ಬರುತ್ತಿದ್ದಳು. ನನಗೆ ಇಷ್ಟವೆಂದು ನಾನು ಹೇಳಿದವಳಲ್ಲ. ಒಮ್ಮೆ ತಿನ್ನುವಾಗ ನೋಡಿದ್ದಳು, ಅಷ್ಟೇ. ಆದರೆ ಅಂದು ಬೆಳಿಗ್ಗೆ, ಸಕ್ಕರೆ ಏರಿದೆ, ಇನ್ನು ಪೋಡಿ ತರಬೇಡ ಎಂದು ನಾನೇ ಹೇಳಿ ಕಳಿಸಿದ್ದೆ. ಅದನ್ನೂ ಅವರಿಗೆ ಹೇಳಿದೆ.

ಆ ಕೆಫೆಟೇರಿಯಾದ ಅಬ್ಬಾಸ್ ರವೂಫರ ಊರಿನವರಂತೆ. ಫೋನಿನಲ್ಲಿ ಇಬ್ಬರೂ ಬ್ಯಾರಿ ಭಾಷೆಯಲ್ಲಿ ಮಾತಾಡಿದರು. ಪೋಡಿ ಟೀಚರಾ, ಗೊತ್ತು, ಇವತ್ತು ಇನ್ನೂ ಬಂದಿಲ್ಲ, ಬಂದರೆ ಬಿಡುವುದಿಲ್ಲ ಎಂದರಂತೆ. ಅಂಗಡಿ ಬಿಟ್ಟು ಪಂಪಿನ ಬಾಗಿಲಲ್ಲೇ ನಿಲ್ಲುತ್ತೇನೆ ಎಂದರಂತೆ, ಆ ಬಿಸಿಲಿನಲ್ಲಿ.

ನಾವು ಕಾದೆವು. ಕಾಯುವುದೆಂದರೆ ಏನೆಂದು ನನಗೆ ಗೊತ್ತು ಎಂದುಕೊಂಡಿದ್ದೆ. ಎದುರಿನ ಅಂಗಡಿಯಲ್ಲಿ ಯಾರೋ ಟಯರಿನ ಗಾಳಿ ತೆಗೆದಾಗ ಬುಸ್ಸೆಂದ ಸದ್ದಿಗೆ ಶ್ರವಣ್ ಎದ್ದು ನಿಂತ. ನನ್ನ ಕಣ್ಣಿಗೆ ಔಷಧಿ ಹಾಕಿದ್ದರಿಂದ ಎಲ್ಲವೂ ಮಸುಕು. ಗೋಡೆಯ ಗಡಿಯಾರದ ಮುಳ್ಳು ಎಲ್ಲಿದೆಯೆಂದು ಮೂರು ಸಲ ಕೇಳಿದೆ. ಮೂರು ಸಲವೂ ರವೂಫ್ ತಾಳ್ಮೆಯಿಂದ ಹೇಳಿದರು. ಒಂದು ಸಲ ಎರಡು ನಿಮಿಷ ಕಡಿಮೆ ಮಾಡಿ ಹೇಳಿದರೆಂದು ನನಗೆ ಅನುಮಾನ. ಅಷ್ಟರಲ್ಲಿ ಅವರು ನಾಲ್ಕು ಟಯರು, ಜ್ಯಾಕು, ಟಯರು ಬಿಚ್ಚುವ ಯಂತ್ರ ಎಲ್ಲವನ್ನೂ ಪಿಕಪ್ಪಿಗೆ ಏರಿಸಿದ್ದರು. ದರ ಯಾರೂ ಕೇಳಲಿಲ್ಲ.

ಮೂರೂ ಕಾಲಿಗೆ ಅಬ್ಬಾಸರ ಫೋನು ಬಂತು. ರವೂಫ್ ಅದನ್ನು ನನ್ನ ಕಿವಿಗೆ ಹಿಡಿದರು.

"ಮಾಮಿ," ಎಂದಳು ಅಶ್ಮಿತಾ. "ಇವರು ಎಂತದೋ ಹೇಳಿ ನನ್ನ ಕೀ ಕಿತ್ತುಕೊಂಡಿದ್ದಾರೆ. ಎಂತಾಯಿತು?"

ಅಲ್ಲೇ ಕೂತಿರು, ನಾವು ಬರುತ್ತೇವೆ ಎಂದೆ.

ನಾವು ಸಮ್ಹಾ ತಲುಪಿದಾಗ ಅವಳು ಕೆಫೆಟೇರಿಯಾದ ನೆರಳಿನಲ್ಲಿ ಕೂತಿದ್ದಳು. ಅಬ್ಬಾಸರ ಅಂಗಿ ಬೆವರಿಗೆ ಮೈಗಂಟಿತ್ತು. ರವೂಫ್ ಕಾರಿನ ಸುತ್ತ ಒಂದು ಸುತ್ತು ಬಂದು, ಎಡಗಡೆಯ ಹಿಂದಿನ ಚಕ್ರದ ಬಳಿ ಕುಕ್ಕರಗಾಲಿನಲ್ಲಿ ಕೂತರು. ಶ್ರವಣನನ್ನು ಕರೆದರು. ಟಯರಿನ ಬದಿಯಲ್ಲಿ, ಆ ಆರೆಸಳಿನ ಪಕ್ಕದಲ್ಲೇ, ನಿಂಬೆಹಣ್ಣಿನಷ್ಟು ಗಾತ್ರದ ಉಬ್ಬು ಎದ್ದಿತ್ತು. ಶ್ರವಣ್ ಅದರ ಮೇಲೆ ಅಂಗೈ ಇಟ್ಟ. ಸುಡುತ್ತಿದ್ದಿರಬೇಕು, ಆದರೂ ತೆಗೆಯಲಿಲ್ಲ.

"ಈಗ ಹೇಳಿ," ಅಶ್ಮಿತಾ ಕೇಳಿದಳು, "ಸಡಿಲ ಇದ್ದದ್ದು ನನ್ನ ಕೈಯಾ?"

ಅವನು ಎದ್ದು ಹೋಗಿ ಪಿಕಪ್ಪಿನಿಂದ ಜ್ಯಾಕು ಇಳಿಸಿದ.

ನೇರ ಮನೆಗೇ ಬರಬೇಕೆಂದಿದ್ದಳಂತೆ. ಪೋಡಿ ಬೇಡವೆಂದ ಮೇಲೆ ನಿಲ್ಲಿಸುವುದು ಯಾಕೆ ಎಂದು ಪಂಪು ದಾಟಲು ಎಡಕ್ಕೆ ಸರಿದೂ ಇದ್ದಳಂತೆ. ಆಗ, ಕಣ್ಣಿಗೆ ಔಷಧಿ ಹಾಕಿಸಿಕೊಂಡು ಬಂದ ಮಾಮಿಗೆ ಇವತ್ತು ಒಲೆ ಹಚ್ಚಲಾಗದು, ಸಕ್ಕರೆ ಇಲ್ಲದ್ದು ಏನಾದರೂ ಕೊಂಡು ಹೋಗೋಣ ಎಂದು ನೆನಪಾಗಿ ಮತ್ತೆ ಬಲಕ್ಕೆ ತಿರುಗಿಸಿದಳು.

ಅವಳು ನನ್ನ ಕೈಗೆ ಪೊಟ್ಟಣ ಕೊಟ್ಟಳು. ನೀರುಳ್ಳಿ ಬಜೆ, ಇನ್ನೂ ಬಿಸಿಯಿತ್ತು. ರವೂಫ್ ಮೊದಲ ಚಕ್ರ ಬಿಚ್ಚಿ ನೆಲದ ಮೇಲೆ ಅಡ್ಡ ಮಲಗಿಸಿದರು. ನಾನು ಅಶ್ಮಿತಾಳ ಮಣಿಕಟ್ಟು ಹಿಡಿದುಕೊಂಡು, ನಾಲ್ಕನೆಯದು ಕಳಚುವವರೆಗೂ ಬಿಡದೆ ನಿಂತಿದ್ದೆ.