ಏಳನೆಯ ಮೊಳೆ

ಕುದುರೆಗೆ ಲಾಳ ಕಟ್ಟುವ ನಾಲಬಂದ ನಾನು, ಖಾನಾಪುರದ ಗನಿಸಾಬ. ಅಜ್ಜನ ಕಾಲದ ಕಸುಬು. ಅದರ ಜೊತೆ ಮನೆತನದ ಸೊಕ್ಕೂ ಒಂದಿತ್ತು: ಹೊಡೆದ ಮೊಳೆಯನ್ನು ಮಾಲೀಕನ ಎದುರು ಕೀಳಬಾರದು. ಕಿತ್ತರೆ ಕೈ ತಪ್ಪಿತೆಂದು ನಾವೇ ಡಂಗುರ ಸಾರಿದ ಹಾಗೆ. ನಮ್ಮಪ್ಪ ಸಾಯುವ ತನಕ ಒಂದನ್ನೂ ಕೀಳಲಿಲ್ಲ. ಆ ಹಾಳು ಸೊಕ್ಕು 1978ರಲ್ಲಿ ನನ್ನ ಮಗಳ ಸಂಸಾರವನ್ನೇ ನುಂಗಿಬಿಡುತ್ತಿತ್ತು.

ಬೆಳಗಾವಿಯ ಬಾಳಾಸಾಹೇಬರ ಹೆಣ್ಣುಕುದುರೆ ಶಹನಾಯಿಯ ಹೆಸರು ಕೇಳದವರು ಆಗ ನಮ್ಮ ಕಡೆ ಇರಲಿಲ್ಲ. ಪುಣೆ, ಬೆಂಗಳೂರು, ಮೈಸೂರು ಸೇರಿ ಹದಿಮೂರು ಓಟ, ಹನ್ನೊಂದು ಗೆಲುವು. ಹನ್ನೊಂದರಲ್ಲೂ ಅವಳ ಬೆನ್ನ ಮೇಲಿದ್ದ ಜಾಕಿ ನನ್ನ ಅಳಿಯ ಮುನಾಫ. ಇನ್ನು ಓಟ ಸಾಕು, ಮರಿ ಹಾಕಲಿ ಎಂದುಕೊಂಡ ಸಾಹೇಬರು, ಊರ ಜನ ಒಮ್ಮೆ ಕಣ್ತುಂಬ ನೋಡಲೆಂದು ಬೆಳಗಾವಿಯ ಮೈದಾನದಲ್ಲಿ ಕೊನೆಯದೊಂದು ಓಟ ಇಟ್ಟರು.

ಹಿಂದಿನ ದಿನ ಖಾನಾಪುರದ ಅವರ ತೋಟದಲ್ಲಿ ಓಟದ ತೆಳು ಲಾಳ ಕಟ್ಟುತ್ತಿದ್ದೆ. ಎಡ ಮುಂಗಾಲಿಗೆ ಏಳನೆಯ ಮೊಳೆ. ಗಟ್ಟಿ ಗೊರಸಿಗೆ ಇಳಿಯುವ ಮೊಳೆ ಟಣ್ ಎನ್ನುತ್ತದೆ. ಇದು ಧಪ್ ಎಂದಿತು. ಶಹನಾಯಿಯ ಮೈ ಒಮ್ಮೆ ಅದುರಿತು. ಮೊಳೆ ಗೊರಸಿನೊಳಗಿನ ಮಾಂಸಕ್ಕೆ ತಾಗಿದರೂ ಕುದುರೆ ನಡೆಯುತ್ತದೆ. ಆದರೆ ಜೋರಾಗಿ ಓಡುವಾಗ ಆ ಕಾಲು ಯಾವ ಗಳಿಗೆಯಲ್ಲಿ ಮಡಚುತ್ತದೋ ಹೇಳಲಾಗದು. ಬಿದ್ದರೆ ಸವಾರನ ಕತ್ತು ಮುರಿಯುತ್ತದೆ. ಆಗಲೇ ಕೀಳಬೇಕಿತ್ತು. ಆದರೆ ಪಕ್ಕದಲ್ಲೇ ಸಾಹೇಬರು ನಾಲ್ಕು ಜನ ಅತಿಥಿಗಳನ್ನು ಕರೆತಂದು ನಿಂತಿದ್ದರು.

"ಗನಿಸಾಬನ ಕೈ ಅಂದ್ರ ಕೈ ನೋಡ್ರಿ. ಒಂದ ಮೊಳಿ ಆಚೀಚಿ ಆಗಿದ್ದು ನಾ ಕಂಡಿಲ್ಲ," ಎಂದರು.

ನಾನು ಹಲ್ಲು ಕಿರಿದೆ. ಕತ್ತೆ ನಾನು! ಮುನಾಫ ಹತ್ತಿ ಕೂತು ನಾಲ್ಕು ಹೆಜ್ಜೆ ನಡೆಸಿದ, ನನ್ನತ್ತ ಒಮ್ಮೆ ನೋಡಿದ, ಏನೂ ಹೇಳಲಿಲ್ಲ. ಸದ್ಯ, ಪಾರಾದೆ ಅಂದುಕೊಂಡೆ.

ಮರುದಿನ ಬೆಳಗಾವಿಯ ಬಸ್ಸಿನಲ್ಲಿ ನನ್ನ ಪಕ್ಕ ಮಗಳು ಮಾಸೂಮಾ, ಏಳು ತಿಂಗಳ ಬಸುರಿ. ಬಸ್ಸು ತಗ್ಗಿಗೆ ಬಿದ್ದಾಗಲೆಲ್ಲ ನನ್ನ ಕಿವಿಯಲ್ಲಿ ಅದೇ ಧಪ್.

"ಅಬ್ಬಾ, ಇಷ್ಟ ಯಾಕ ಬೆವರಾಕತ್ತೀರಿ? ಬಿಸಲ ಇನ್ನೂ ಏರಿಲ್ಲ."

"ಸುಮ್ನ ಕುಂದರ ನೀ," ಎಂದು ಗದರಿದೆ. ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಳು. ನೋಡಲಾಗದೆ ಕಿಟಕಿಯತ್ತ ತಿರುಗಿದೆ. ಜೇಬಿನಲ್ಲಿ ಇಕ್ಕಳವಿತ್ತು. ಯಾಕೆ ತಂದಿದ್ದೇನೆಂದು ನನ್ನನ್ನೇ ಕೇಳಿಕೊಳ್ಳಲೂ ಹೆದರಿಕೆ.

ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಆರು ಕುದುರೆಗಳು ಗೆರೆಯ ಹತ್ತಿರ ಬಂದವು. ಶಹನಾಯಿ ನಿಂತಲ್ಲೇ ಎಡಗಾಲನ್ನು ಒಂದು ಬೆರಳಿನಷ್ಟು ಎತ್ತಿ, ಮೆಲ್ಲಗೆ ಇಟ್ಟಳು. ಬೇರೆ ಯಾರ ಕಣ್ಣಿಗೂ ಅದು ಬೀಳಲಿಲ್ಲ. ನನ್ನ ಕಣ್ಣಿಗೆ ಬಿತ್ತು. ಹಗ್ಗದಡಿ ನುಗ್ಗಿ ಓಡಿದೆ, ಲಗಾಮು ಹಿಡಿದೆ.

"ಇಳಿಯೋ ಮುನಾಫ! ಮೊಳಿ ತಪ್ಪಿ ಹೊಡದೀನಿ ನಾ! ಇಳೀ!"

"ತಲಿ ಕೆಟ್ಟೈತೇನಲೇ ಗನಿಸಾಬ?" ಎಂದು ಬಾಳಾಸಾಹೇಬರು ಓಡಿಬಂದರು. ಜನ ಕೇಕೆ ಹಾಕಿದರು. ಶಹನಾಯಿಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಅಷ್ಟೂ ಮಂದಿಯ ಎದುರು ಏಳನೆಯ ಮೊಳೆಯನ್ನು ಕಿತ್ತೆ. ತುದಿಯಲ್ಲಿ ರಕ್ತವಿತ್ತು. ಸಾಹೇಬರು ಅದನ್ನು ನೋಡಿ ಮುಖ ತಿರುಗಿಸಿದರು. ಶಹನಾಯಿಯ ಓಟದ ಬದುಕು ಅಲ್ಲಿಗೆ ಮುಗಿಯಿತು, ಕೊನೆಯ ಓಟ ಓಡದೆಯೇ.

ಮುನಾಫ ಇಳಿದು ನನ್ನ ಹತ್ತಿರ ಬಂದ.

"ನನಗ ನಿನ್ನೇನ ಗೊತ್ತಾಗಿತ್ತು ಮಾಮು. ನಾಕ ಹೆಜ್ಜಿ ಹಾಕೂದ್ರಾಗ ತಿಳೀತು."

"ಮತ್ತ ಹೇಳಲಿಲ್ಲ ಯಾಕೋ?"

"ಅಷ್ಟ ಮಂದಿ ಮುಂದ ನಿಮ್ಮ ಮಾನ ಹೆಂಗ ಕಳೀಲಿ?"

ಅವನ ಕೆನ್ನೆಗೆ ಫಟಾರನೆ ಒಂದು ಬಿಟ್ಟೆ. ಆಮೇಲೆ ಅವನನ್ನು ಅಪ್ಪಿಕೊಂಡು ಅತ್ತೆ. ಅವನ ಎದೆ ನನ್ನದಕ್ಕಿಂತ ಜೋರಾಗಿ ಹೊಡೆದುಕೊಳ್ಳುತ್ತಿತ್ತು.